ಎವೆ

ಟಿಬಿಲಿಸಿಯಲ್ಲಿ ಒಣ ಸೇತುವೆ ಅಂತ ಒಂದಿದೆ.
ಕೆಳಗೆ ನೀರಿಲ್ಲ, ಕಾರುಗಳು ಹರಿಯುತ್ತವೆ.
ಮೇಲೆ ಲಾಡಾದ ಬಾನೆಟ್ಟಿಗೆ ಕಂಬಳಿ ಹಾಸಿ
ಅಂಬೇರ್ಕಿಯ ಅಂಗಡಿ:
ಚಮಚ, ಪದಕ, ಉಸಿರು ಹೋದ ಅಕಾರ್ಡಿಯನ್,
ಆಕಾಶ ನೋಡುತ್ತ ಮಲಗಿದ ಲೆನ್ಸುಗಳು.

'ಹೀಲಿಯೋಸ್. ಅಂದರೆ ಸೂರ್ಯ. ನೀನು ಮ್ಜಿಯಾ,
ನೀನೂ ಸೂರ್ಯನೇ. ಒಂದೇ ಮನೆತನ. ಎಪ್ಪತ್ತು ಕೊಡು.'
ಐವತ್ತಕ್ಕೆ ಇಳಿದ.
ಮುಚ್ಚಳ ಕೇಳಿದರೆ,
'ಸೂರ್ಯನಿಗೆ ಯಾಕೆ ಮುಚ್ಚಳ?'

ನನ್ನ ಕ್ಯಾಮೆರಾ ಹೋದ ವರ್ಷದ್ದು,
ಕಂತು ಇನ್ನೂ ಹನ್ನೊಂದು ಬಾಕಿ.
ಕಣ್ಣು ಎಲ್ಲಿದ್ದರೂ ತಾನೇ ಹುಡುಕಿ, ನಾಯಿಯದೋ ಹಕ್ಕಿಯದೋ,
ಹಸಿರು ಚೌಕ ಹಾಕಿ ಹಿಡಿಯುತ್ತದೆ.
ನಾನು ಬಾಡಿಗೆ ಮನೆಗಳ ಚಿತ್ರ ತೆಗೆಯುವವಳು:
ಹಾಸಿಗೆ, ಶವರ್, ಬಾಲ್ಕನಿಯಿಂದ ಕಾಣುವ ಕೋಟೆ.
ಎಲ್ಲ ಚೊಕ್ಕ. ಎಲ್ಲ ಮನೆಯೂ ಒಂದೇ ಮನೆ.

ನಡುವೆ ಹಿತ್ತಾಳೆ ಉಂಗುರವಿಟ್ಟು
ಹಳೆಯದನ್ನು ಹೊಸದಕ್ಕೆ ತಿರುಪಿದೆ.
ಪರದೆ ಹೇಳಿತು: ಲೆನ್ಸ್ ಇಲ್ಲ.
ಇದೆಯಲ್ಲೋ ಮಾರಾಯ, ಕೈ ಸೋಲುವಷ್ಟು ಭಾರ!
ಇಲ್ಲ, ಅಂತು.
ಪಟ್ಟಿ ಪಟ್ಟಿ ಅಲೆದು ಕೊನೆಗೊಂದು ಮೂಲೆಯಲ್ಲಿ ಸಿಕ್ಕಿತು ಪ್ರಶ್ನೆ:
ಲೆನ್ಸ್ ಇಲ್ಲದೆಯೂ ತೆಗೆಯಬಹುದೆ?
ಹೌದು ಅಂತ ಒತ್ತಿದೆ.

ಆದರೆ ಫೋಕಸ್ ತಿರುಗಲೊಲ್ಲದು.
ಗ್ರೀಸು ಬೆಲ್ಲದ ಪಾಕದ ಹಾಗೆ ಗಡುಸಾಗಿತ್ತು.
ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬಿಚ್ಚಿದೆ,
ತಿರುಪುಗಳನ್ನು ಮೊಟ್ಟೆಯ ತಟ್ಟೆಯಲ್ಲಿ
ಬಂದ ಕ್ರಮದಲ್ಲೇ ಕೂರಿಸಿದೆ.
ಒಳಗಿನ ಗಾಜನ್ನು ಕಿಟಕಿಗೆ ಹಿಡಿದರೆ
ಅಂಚಿನಲ್ಲೊಂದು ಕೂದಲು.
ಗಿಡ್ಡ. ಕೊಂಚ ಬಾಗಿದ್ದು. ತುದಿ ಸಪೂರ.
ಎವೆ.

ಯಾರದೋ. ಆಮೇಲೆ ಬಿದ್ದದ್ದಲ್ಲ: ಉಂಗುರಕ್ಕೆ ಬಳಿದ ಬಣ್ಣ
ಕಾರ್ಖಾನೆ ಬಿಟ್ಟ ಮೇಲೆ ಯಾರೂ ಕೆದಕಿಲ್ಲ.
ನಂಬರು ಎಪ್ಪತ್ತನಾಲ್ಕರಿಂದ ಶುರು, ಅಂದರೆ ಆ ವರ್ಷದ್ದು.
ವಲ್ದಾಯ್‌ನಲ್ಲೋ ಎಲ್ಲೋ
ಬಿಳಿ ಗೌನು ತೊಟ್ಟು, ಕೂದಲೆಲ್ಲ ಟೋಪಿಯೊಳಗೆ ತುರುಕಿ
ಬಾಗಿ ಕೂತವಳು.
ಎವೆಗೆ ಯಾರು ಟೋಪಿ ಹಾಕುತ್ತಾರೆ?
ರಾತ್ರಿ ಪಾಳಿಯಿತ್ತೋ, ಅತ್ತಿದ್ದಳೋ,
ಸುಮ್ಮನೆ ಕಣ್ಣುಜ್ಜಿಕೊಂಡಳೋ.
ತಪಾಸಣೆಯವನು ನೋಡಲಿಲ್ಲ. ನೋಡಿಯೂ ಬಿಟ್ಟನೋ ಏನೋ,
ತಿಂಗಳ ಕೊನೆ, ಲೆಕ್ಕ ತುಂಬಬೇಕಿತ್ತು.

ಇಷ್ಟು ವರ್ಷ ಈ ಗಾಜು
ಯಾರಯಾರದೋ ಮದುವೆ, ಕಡಲ ತಡಿ, ಸತ್ತವರ ಹಣೆ
ಎವೆಯಿಕ್ಕದೆ ನೋಡಿತು
ಅಂದುಕೊಂಡಿದ್ದೆ.

ಊದುವ ರಬ್ಬರ್ ಚೆಂಡು ಕೈಯಲ್ಲೇ ಇತ್ತು.
ಚಿಕ್ಕವರಿದ್ದಾಗ ಉದುರಿದ ಎವೆಯನ್ನು ಮುಂಗೈ ಮೇಲಿಟ್ಟು
ಏನೋ ಬೇಡಿಕೊಂಡು ಊದುತ್ತಿದ್ದೆವು.
ಇದು ನನ್ನದಲ್ಲ.
ಇನ್ನೊಬ್ಬಳ ಬೇಡಿಕೆ ಊದಿಬಿಡಲು ನಾನು ಯಾರು?
ಗ್ರೀಸು ಒರೆಸಿದೆ, ಬೂಷ್ಟು ಕಳೆದೆ,
ಎವೆಯನ್ನು ಇದ್ದಲ್ಲೇ ಬಿಟ್ಟು ಮುಚ್ಚಿದೆ.
ಒಂದು ತಿರುಪು ಉಳಿಯಿತು.
ಈಗಲೂ ಮೊಟ್ಟೆಯ ತಟ್ಟೆಯಲ್ಲಿದೆ.

ಮೊದಲ ಚಿತ್ರಕ್ಕೆ ಸಿಕ್ಕವಳು ಲಮಾರಾ.
ಬೀದಿಯಿಂದ ಆರು ಮೆಟ್ಟಿಲು ಕೆಳಗೆ ಅವಳ ರೊಟ್ಟಿ ಒಲೆ,
ಬಾವಿಯಂಥದ್ದು; ಸೊಂಟದವರೆಗೂ ಒಳಗೆ ಬಗ್ಗಿ
ಹಿಟ್ಟನ್ನು ಗೋಡೆಗೆ ಬಡಿದು ಏಳುತ್ತಾಳೆ.
'ಹಲ್ಲಿಲ್ಲ ಕಣೇ, ತೆಗೀಬೇಡ.'
ಉಂಗುರ ತಿರುಗಿಸಿದೆ, ಮೆಲ್ಲಗೆ.
ಸ್ಪಷ್ಟವಾದ ಅಂಚಿಗೆಲ್ಲ ಪರದೆಯಲ್ಲಿ ಕೆಂಪು ಮಿನುಗು:
ಕಿವಿಯಿಂದ ಕೆನ್ನೆಗೆ, ಹುಬ್ಬಿನ ಹಿಟ್ಟಿಗೆ.
ಕಣ್ಣಿನ ಹತ್ತಿರ ಬಂದು ತಡಕಾಡಿತು.

ಲಮಾರಾಗೆ ಎವೆಗಳಿಲ್ಲ.
ನಲವತ್ತು ವರ್ಷದ ಒಲೆ ತಿಂದುಹಾಕಿದೆ.

ಮಿನುಗನ್ನು ನಂಬದೆ, ಉಸಿರು ಹಿಡಿದು ಒತ್ತಿದೆ.
ಚಿತ್ರದಲ್ಲಿ ಅವಳ ಹಿಂದೆ ಕಿಡಿಗಳೆಲ್ಲ
ಸುಳಿಗೆ ಸಿಕ್ಕ ಹಾಗೆ ಸುತ್ತಿಕೊಂಡಿವೆ.
ವಲ್ದಾಯ್‌ನವಳ ಎವೆ ಎಲ್ಲೂ ಕಾಣುವುದಿಲ್ಲ;
ಅಷ್ಟು ಹತ್ತಿರದ್ದು ಕಾಣುವುದೂ ಇಲ್ಲ.
ಫೈಲಿನ ಲೆಕ್ಕದಲ್ಲಿ ಲೆನ್ಸಿನ ಹೆಸರು ಖಾಲಿ,
ಅಪರ್ಚರ್ ಸೊನ್ನೆ, ಮಿಲಿಮೀಟರ್ ಸೊನ್ನೆ.

ಲಮಾರಾ ಹಿಟ್ಟಿನ ಬೆರಳಲ್ಲೇ
ಪರದೆಯ ಮೇಲೆ ತನ್ನ ಮುಖ ಹಿಗ್ಗಿಸಿ ನೋಡಿದಳು.
'ಸ್ವಲ್ಪ ಮಬ್ಬು' ಅಂದಳು.
ಲೆನ್ಸು ಹಳೇದು, ಅಂದೆ.
'ಅದಲ್ಲವೇ,' ಅಂದಳು, ಮತ್ತೆ ಬಗ್ಗುತ್ತ,
'ಒಲೆ ಹತ್ತಿರ ಎಲ್ಲಾ ಹೀಗೇ ಕಾಣೋದು.'